ಬಜೆಟ್‌ನಲ್ಲಿ ನೀರಿನ ದುಡ್ಡು ಹುಡುಕುವುದು ಹೇಗೆ: ಭಾಷಣದಿಂದ ಅಳತೆ ಪುಸ್ತಕದವರೆಗೆ

2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ ಭಾಷಣದಲ್ಲಿ ಕರ್ನಾಟಕದ ಹೆಸರು ಕೇಳಿಬಂತು. ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು. ಚಿತ್ರದುರ್ಗದ ಕಡೆ ಪಟಾಕಿ ಹೊಡೆಯುವಷ್ಟು ದೊಡ್ಡ ಸುದ್ದಿ. ಆಮೇಲೆ? ಆ ಹಣ ಬಂದಿಲ್ಲ ಎಂದು ರಾಜ್ಯ ಸರ್ಕಾರ ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಹೇಳಿತು. ತಪ್ಪು ಯಾರದು ಅನ್ನುವ ಜಗಳ ರಾಜಕಾರಣಿಗಳಿಗೆ ಇರಲಿ. ನಮಗೆ ಬೇಕಾದ ಪ್ರಶ್ನೆ ಬೇರೆ. ಭಾಷಣದಲ್ಲಿ ಕೇಳಿದ ಒಂದು ಮೊತ್ತ ನಿಜವಾಗಿ ಪೈಪಾಯಿತೇ, ಕಾಲುವೆಯಾಯಿತೇ, ಗಿಡವಾಯಿತೇ ಅಂತ ಮನೆಯಲ್ಲಿ ಕೂತು ಪತ್ತೆ ಹಚ್ಚಬಹುದಾ?

ಬಹುಮಟ್ಟಿಗೆ ಹಚ್ಚಬಹುದು. ಕಡತಗಳೆಲ್ಲ ಸಾರ್ವಜನಿಕವಾಗಿಯೇ ಇವೆ. ಬೇಕಾದ್ದು ಒಂದು ಕಂಪ್ಯೂಟರ್, ಒಂದು ನೋಟ್‌ಬುಕ್, ಮೂರು ನಾಲ್ಕು ಸಂಜೆ. ಲೆಕ್ಕಶಾಸ್ತ್ರ ಓದಿರಬೇಕಿಲ್ಲ. ಕೂಡುವುದು, ಕಳೆಯುವುದು, ಶೇಕಡಾ ಹಾಕುವುದು ಬಂದರೆ ಸಾಕು.

ಹೆಜ್ಜೆ 1: ಪ್ರಶ್ನೆ ಚಿಕ್ಕದಾಗಿರಲಿ

"ಸರ್ಕಾರ ಪರಿಸರಕ್ಕೆ ಎಷ್ಟು ಖರ್ಚು ಮಾಡುತ್ತದೆ?" ಅಂತ ಶುರು ಮಾಡಿದರೆ ಎರಡನೇ ಸಂಜೆಗೇ ಕೈಬಿಡುತ್ತೀರಿ. ನಾನೂ ಮೊದಲು ಹಾಗೇ ಶುರು ಮಾಡಿ ಕೈಬಿಟ್ಟವನೇ. ಒಂದು ಯೋಜನೆ, ಒಂದು ವರ್ಷ, ಒಂದು ಊರು ಅಥವಾ ಒಂದು ಜಿಲ್ಲೆ ಹಿಡಿದುಕೊಳ್ಳಿ. "ನಮ್ಮ ಪಂಚಾಯಿತಿಯ ನಲ್ಲಿ ನೀರಿಗೆ ಕಳೆದ ವರ್ಷ ಎಷ್ಟು ಬಂತು, ಎಷ್ಟು ಹೋಯಿತು?" ಅನ್ನುವುದು ಒಳ್ಳೆಯ ಪ್ರಶ್ನೆ. "ನಮ್ಮ ಪಟ್ಟಣದ ಒಳಚರಂಡಿ ಕಾಮಗಾರಿ ಏಕೆ ನಿಂತಿದೆ?" ಅನ್ನುವುದೂ ಒಳ್ಳೆಯದೇ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಕಡತಗಳ ಮಧ್ಯೆ ಕಳೆದುಹೋದಾಗ ಆ ಪುಟಕ್ಕೆ ವಾಪಸ್ ಬರಬೇಕಾಗುತ್ತದೆ.

ಹೆಜ್ಜೆ 2: ಇದು ಯಾರ ಬಜೆಟ್?

ಸಂವಿಧಾನದ ಪ್ರಕಾರ ನೀರು ರಾಜ್ಯಪಟ್ಟಿಯಲ್ಲಿದೆ. ಅಂತರರಾಜ್ಯ ನದಿಗಳ ವಿಷಯ ಮಾತ್ರ ಕೇಂದ್ರದ್ದು. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಲ್ಲೂ ಕುಡಿಯುವ ನೀರಿದೆ. ನಗರಸಭೆಗಳ 18 ವಿಷಯಗಳ ಪಟ್ಟಿಯಲ್ಲಿ ನೀರು ಸರಬರಾಜೂ ಇದೆ, ಪರಿಸರ ರಕ್ಷಣೆಯೂ ಇದೆ. ಹಾಗಾಗಿ ಒಂದೇ ನಲ್ಲಿಗೆ ಮೂರು ಕಡೆಯಿಂದ ದುಡ್ಡು ಬರುತ್ತದೆ.

ಜಲ ಜೀವನ್ ಮಿಷನ್ ನೋಡಿ. ಹಳ್ಳಿಯ ಮನೆಗಳಿಗೆ ನಲ್ಲಿ ನೀರು ಕೊಡಲು 2019ರ ಆಗಸ್ಟ್ 15ರಂದು ಘೋಷಣೆಯಾದ ಯೋಜನೆ. ಒಟ್ಟು ಅಂದಾಜು 3.60 ಲಕ್ಷ ಕೋಟಿ, ಅದರಲ್ಲಿ ಕೇಂದ್ರದ ಪಾಲು 2.08 ಲಕ್ಷ ಕೋಟಿ. ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರ ಅರ್ಧ, ರಾಜ್ಯ ಅರ್ಧ. ನಮ್ಮಲ್ಲಿ ಇದೇ ಯೋಜನೆ 'ಮನೆ ಮನೆಗೆ ಗಂಗೆ' ಅನ್ನುವ ಹೆಸರಿನಲ್ಲೂ ಓಡಾಡಿತು. ಹೆಸರು ಎರಡಾದರೂ ದುಡ್ಡು ಒಂದೇ. ಕೇಂದ್ರದ ಪಾಲು ರಾಜ್ಯದ ಬಜೆಟ್ ಮೂಲಕವೇ ಹಾದುಬರುತ್ತದೆ. ಹಾಗಾಗಿ ಎರಡೂ ಬಜೆಟ್‌ಗಳ ಮೊತ್ತ ಕೂಡಿಸಿದರೆ ಅದೇ ದುಡ್ಡನ್ನು ಎರಡು ಸಲ ಎಣಿಸಿದಂತೆ. ಹೊಸಬರು ಮಾಡುವ ಮೊದಲ ತಪ್ಪು ಇದು. ಸುದ್ದಿವಾಹಿನಿಗಳೂ ಮಾಡುತ್ತವೆ.

ಇಲಾಖೆಗಳನ್ನೂ ಬರೆದುಕೊಳ್ಳಿ. ಕರ್ನಾಟಕದಲ್ಲಿ ದೊಡ್ಡ ಅಣೆಕಟ್ಟು, ಕಾಲುವೆ ಜಲಸಂಪನ್ಮೂಲ ಇಲಾಖೆಗೆ. ಸಣ್ಣ ಕೆರೆ, ಬ್ಯಾರೇಜು, ಅಂತರ್ಜಲ ಸಣ್ಣ ನೀರಾವರಿ ಇಲಾಖೆಗೆ. ಹಳ್ಳಿ ನೀರು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ. ಪಟ್ಟಣಗಳ ನೀರು, ಒಳಚರಂಡಿ ಬಹುಪಾಲು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ, ಬೆಂಗಳೂರಿನದ್ದು ಜಲಮಂಡಳಿಗೆ. ಕಾಡು, ಪರಿಸರ ಅರಣ್ಯ ಇಲಾಖೆಗೆ.

ಈ ಗೆರೆಗಳು ನೀರಿಗೆ ಗೊತ್ತಿಲ್ಲ ನೋಡಿ, ತಮಾಷೆ ಅಲ್ಲೇ ಇದೆ. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯಿತು. ಕೊಳಚೆ ಶುದ್ಧ ಮಾಡಿದ್ದು ಜಲಮಂಡಳಿ. ಕೆರೆಗೆ ಸಾಗಿಸಿದ್ದು ಸಣ್ಣ ನೀರಾವರಿ ಇಲಾಖೆ. ಒಂದೇ ನೀರು, ಎರಡು ಲೆಕ್ಕ. 'ಪರಿಸರ' ಅನ್ನುವ ಪುಟ ತೆರೆದು ಹುಡುಕಿದ್ದರೆ ಎರಡೂ ಸಿಗುತ್ತಿರಲಿಲ್ಲ.

ಹೆಜ್ಜೆ 3: ಕಡತ ಇಳಿಸಿಕೊಳ್ಳಿ

ರಾಜ್ಯದ್ದು ಹಣಕಾಸು ಇಲಾಖೆಯ ಜಾಲತಾಣದಲ್ಲಿ, ಕೇಂದ್ರದ್ದು ಇಂಡಿಯಾ ಬಜೆಟ್ ಜಾಲತಾಣದಲ್ಲಿ. ಭಾಷಣ ಓದಿ, ಆದರೆ ಅಲ್ಲೇ ನಿಲ್ಲಬೇಡಿ. ಭಾಷಣ ಅಂದರೆ ಮದುವೆ ಲಗ್ನಪತ್ರಿಕೆ. ಅಡುಗೆ ಎಷ್ಟಾಯಿತು ಅನ್ನುವುದು ಅದರಲ್ಲಿ ಇರುವುದಿಲ್ಲ. ನಿಮಗೆ ಬೇಕಾದ್ದು 'ಅನುದಾನಗಳ ಬೇಡಿಕೆ' ಮತ್ತು ವೆಚ್ಚದ 'ವಿವರವಾದ ಅಂದಾಜು' ಸಂಪುಟಗಳು. ಕರ್ನಾಟಕದ್ದಾದರೆ ಜಿಲ್ಲೆವಾರು ಪಂಚಾಯಿತಿ ಹಂಚಿಕೆ ತೋರಿಸುವ 'ಲಿಂಕ್ ಡಾಕ್ಯುಮೆಂಟ್' ಕೂಡ ಇಳಿಸಿಕೊಳ್ಳಿ. ಜಿಲ್ಲೆಯ ಮಟ್ಟದಲ್ಲಿ ಹುಡುಕುವವರಿಗೆ ಅದು ಬಂಗಾರ.

ಎರಡು ಎಚ್ಚರಿಕೆ. ಕೇಂದ್ರದ ಕಡತದಲ್ಲಿ ಮೊತ್ತ ಕೋಟಿಯಲ್ಲಿರುತ್ತದೆ, ರಾಜ್ಯದ ವಿವರವಾದ ಅಂದಾಜಿನಲ್ಲಿ ಲಕ್ಷದಲ್ಲಿ. ಪುಟದ ಮೇಲ್ತುದಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ನೋಡಿಕೊಳ್ಳಿ. ಇಲ್ಲದಿದ್ದರೆ ನೂರು ಪಟ್ಟು ತಪ್ಪು ಲೆಕ್ಕ ಹಿಡಿದು ಜಗಳಕ್ಕೆ ಹೋಗುತ್ತೀರಿ. ಎರಡನೆಯದು, ಹಳೆಯ ಕನ್ನಡ ಪಿಡಿಎಫ್‌ಗಳಲ್ಲಿ ಅಕ್ಷರ ಹಾಕಿ ಹುಡುಕಿದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಫಾಂಟ್ ಸಮಸ್ಯೆ. ಅದಕ್ಕೇ ಅಂಕಿ ಹಾಕಿ ಹುಡುಕಿ. ಯಾವ ಅಂಕಿ ಅಂತ ಈಗ ಹೇಳುತ್ತೇನೆ.

ಹೆಜ್ಜೆ 4: ನಾಲ್ಕು ಅಂಕಿಯ ಭಾಷೆ ಕಲಿಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ದೇಶದ ಎಲ್ಲ ರಾಜ್ಯಗಳಲ್ಲೂ, ಕೇಂದ್ರದಲ್ಲೂ ಖರ್ಚಿನ ಪ್ರತಿ ಸಾಲಿಗೆ ಒಂದು ಲೆಕ್ಕ ಶೀರ್ಷಿಕೆ ಇರುತ್ತದೆ. ಅದರ ಮೊದಲ ನಾಲ್ಕು ಅಂಕಿಯೇ ಪ್ರಧಾನ ಶೀರ್ಷಿಕೆ. ಯೋಜನೆಯ ಹೆಸರು ಸರ್ಕಾರ ಬದಲಾದಂತೆ ಬದಲಾಗುತ್ತದೆ. ಈ ಅಂಕಿ ಸುಲಭಕ್ಕೆ ಬದಲಾಗುವುದಿಲ್ಲ. ಹತ್ತು ವರ್ಷದ ಹಿಂದಿನ ಬಜೆಟ್ ಜೊತೆ ಹೋಲಿಸಬೇಕಾದರೆ ಹೆಸರನ್ನು ಬಿಡಿ, ಅಂಕಿಯನ್ನು ಹಿಡಿಯಿರಿ.

ಮೊದಲ ಅಂಕಿ ದುಡ್ಡಿನ ಸ್ವಭಾವ ಹೇಳುತ್ತದೆ. 0 ಅಥವಾ 1 ಅಂದರೆ ಆದಾಯ. 2 ಅಥವಾ 3 ಅಂದರೆ ರಾಜಸ್ವ ವೆಚ್ಚ, ಅಂದರೆ ಸಂಬಳ, ಕರೆಂಟ್ ಬಿಲ್, ರಿಪೇರಿ, ಅನುದಾನದಂಥ ದಿನನಿತ್ಯದ ಖರ್ಚು. 4 ಅಥವಾ 5 ಅಂದರೆ ಬಂಡವಾಳ ವೆಚ್ಚ, ಹೊಸದಾಗಿ ಕಟ್ಟುವುದು. 6 ಅಥವಾ 7 ಅಂದರೆ ಸರ್ಕಾರ ಕೊಡುವ ಸಾಲ. 8ರಿಂದ ಶುರುವಾದರೆ ಬಹುತೇಕ ಸಾರ್ವಜನಿಕ ಲೆಕ್ಕ, ಅದರ ಕಥೆ ಆಮೇಲೆ.

ಉಳಿದ ಮೂರು ಅಂಕಿ ವಿಷಯ ಹೇಳುತ್ತವೆ. 215 ಅಂದರೆ ನೀರು ಸರಬರಾಜು ಮತ್ತು ನೈರ್ಮಲ್ಯ. ಆಗ 2215 ಅಂದರೆ ಅದನ್ನು ನಡೆಸುವ ಖರ್ಚು, 4215 ಅಂದರೆ ಕಟ್ಟುವ ಖರ್ಚು, 6215 ಅಂದರೆ ಅದಕ್ಕಾಗಿ ಜಲಮಂಡಳಿಯಂಥ ಸಂಸ್ಥೆಗೆ ಕೊಟ್ಟ ಸಾಲ. 0215 ಅಂದರೆ ಅದರಿಂದ ಬಂದ ಆದಾಯ. ಒಂದು ಸಲ ತಲೆಗೆ ಹೋದರೆ ಬಜೆಟ್ ಪುಸ್ತಕ ಅಷ್ಟೇನೂ ಹೆದರಿಸುವುದಿಲ್ಲ.

ನಮ್ಮ ವಿಷಯಕ್ಕೆ ಬೇಕಾದವು ಇವು. ಕುಡಿಯುವ ನೀರು, ಒಳಚರಂಡಿಗೆ 2215 ಮತ್ತು 4215. ಅರಣ್ಯ, ವನ್ಯಜೀವಿಗೆ 2406 ಮತ್ತು 4406. ಪರಿಸರಕ್ಕೆ 3435. ಮಣ್ಣು ಮತ್ತು ನೀರು ಸಂರಕ್ಷಣೆಗೆ 2402 ಮತ್ತು 4402. ಭಾರಿ ನೀರಾವರಿಗೆ 2700 ಮತ್ತು 4700, ಮಧ್ಯಮಕ್ಕೆ 2701 ಮತ್ತು 4701, ಸಣ್ಣ ನೀರಾವರಿಗೆ 2702 ಮತ್ತು 4702. ನೆರೆ ತಡೆಗೆ 2711 ಮತ್ತು 4711.

ಪ್ರಧಾನ ಶೀರ್ಷಿಕೆಯ ಕೆಳಗೆ ಇನ್ನೂ ಐದು ಹಂತಗಳಿವೆ. ಅಷ್ಟೂ ಬೇಕಿಲ್ಲ. 2215ರಲ್ಲಿ ಮುಂದಿನ ಎರಡು ಅಂಕಿ 01 ಆದರೆ ನೀರು ಸರಬರಾಜು, 02 ಆದರೆ ಒಳಚರಂಡಿ ಮತ್ತು ನೈರ್ಮಲ್ಯ. ನೀರಿನ ಅಡಿಯಲ್ಲಿ 101 ನಗರದ್ದು, 102 ಹಳ್ಳಿಯದ್ದು. ಹಾಗಾಗಿ 2215-01-102 ಅಂತ ಕಂಡರೆ ಹಳ್ಳಿ ನೀರಿನ ದಿನನಿತ್ಯದ ಖರ್ಚು ಅಂತ ಅರ್ಥ.

ಇಲ್ಲಿ ಒಂದು ಗುಂಡಿ ಇದೆ. ಪರಿಶಿಷ್ಟ ಜಾತಿ ಉಪಯೋಜನೆಯ ಹಣ 789ರಲ್ಲಿ, ಬುಡಕಟ್ಟು ಉಪಯೋಜನೆಯ ಹಣ 796ರಲ್ಲಿ ಬೇರೆಯಾಗಿ ಕೂತಿರುತ್ತದೆ. ಅದೇ ನೀರಿನ ಯೋಜನೆಯ ದುಡ್ಡೇ. ಬರೀ 102ರ ಸಾಲು ನೋಡಿ ಹಂಚಿಕೆ ಕಡಿಮೆಯಾಗಿದೆ ಅಂತ ಬರೆದುಬಿಟ್ಟರೆ ಮಾನ ಹೋಗುತ್ತದೆ. ನನ್ನದು ಒಂದು ಸಲ ಹೋಗಿದೆ. ಮೂರೂ ಸಾಲು ಕೂಡಿಸಿ.

ಹೆಜ್ಜೆ 5: ನಾಲ್ಕು ಕಾಲಂ ಅಡ್ಡಡ್ಡ ಓದಿ

ಪುಟದಲ್ಲಿ ಸಾಮಾನ್ಯವಾಗಿ ನಾಲ್ಕು ಕಾಲಂ ಇರುತ್ತವೆ. ಎರಡು ವರ್ಷದ ಹಿಂದಿನ ನಿಜವಾದ ಲೆಕ್ಕ. ಕಳೆದ ವರ್ಷದ ಬಜೆಟ್ ಅಂದಾಜು. ಕಳೆದ ವರ್ಷದ್ದೇ ಪರಿಷ್ಕೃತ ಅಂದಾಜು, ಅಂದರೆ ಆಮೇಲೆ ತಿದ್ದಿದ ಮೊತ್ತ. ಈ ವರ್ಷದ ಬಜೆಟ್ ಅಂದಾಜು. ಪೇಪರಿನಲ್ಲಿ ಬರುವುದು ಕೊನೆಯದು ಮಾತ್ರ. ನಿಜ ಇರುವುದು ಮೊದಲನೆಯದರಲ್ಲಿ.

ಜಲ ಜೀವನ್ ಮಿಷನ್‌ಗೆ 2024-25ರ ಕೇಂದ್ರ ಬಜೆಟ್‌ನಲ್ಲಿ ಇಟ್ಟದ್ದು 70,163 ಕೋಟಿ. ವರ್ಷದ ಕೊನೆಗೆ ಪರಿಷ್ಕೃತ ಅಂದಾಜು 22,694 ಕೋಟಿಗೆ ಇಳಿಯಿತು. ಮೂರರಲ್ಲಿ ಒಂದು ಪಾಲಿಗೂ ಸ್ವಲ್ಪ ಕಡಿಮೆಯೇ. 2025-26ಕ್ಕೆ ಮತ್ತೆ 67,000 ಕೋಟಿ ಇಟ್ಟರು. ಈಗ ಹೇಳಿ, ಇದು ಏರಿಕೆಯೋ ಇಳಿಕೆಯೋ? ಪರಿಷ್ಕೃತ ಅಂದಾಜಿಗೆ ಹೋಲಿಸಿದರೆ ಸುಮಾರು ಮೂರು ಪಟ್ಟು ಏರಿಕೆ. ಹಿಂದಿನ ಬಜೆಟ್ ಅಂದಾಜಿಗೆ ಹೋಲಿಸಿದರೆ ಶೇ 4.5ರಷ್ಟು ಇಳಿಕೆ. ಒಂದೇ ಅಂಕಿಯಿಂದ ಎರಡು ತಲೆಬರಹ ಮಾಡಬಹುದು, ಎರಡೂ ಸುಳ್ಳಲ್ಲ. ಯಾರಾದರೂ 'ಇಷ್ಟು ಹೆಚ್ಚಾಯಿತು' ಅಂದರೆ 'ಯಾವುದಕ್ಕೆ ಹೋಲಿಸಿ?' ಅಂತ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಪರಿಸರ ಸಚಿವಾಲಯದ ಕಥೆ ಸಣ್ಣದು, ಆದರೆ ಕಲಿಯುವುದಕ್ಕೆ ಇದೆ. 2025-26ಕ್ಕೆ ಅದಕ್ಕೆ ಸಿಕ್ಕಿದ್ದು ಸುಮಾರು 3,413 ಕೋಟಿ. ಕೇಂದ್ರದ ಒಟ್ಟು ಬಜೆಟ್ 50.65 ಲಕ್ಷ ಕೋಟಿ. ನೂರು ರೂಪಾಯಿಯಲ್ಲಿ ಸುಮಾರು ಏಳು ಪೈಸೆ. ಕೇಳಿದರೆ ಸಿಟ್ಟು ಬರುತ್ತದೆ, ಅಲ್ವಾ? ಆದರೆ ಈ ಏಳು ಪೈಸೆಯನ್ನೇ ದೇಶದ ಪರಿಸರ ವೆಚ್ಚ ಅಂತ ಹೇಳಬೇಡಿ. ಗಂಗೆ ಶುದ್ಧ ಮಾಡುವ ನಮಾಮಿ ಗಂಗೆಯ ದುಡ್ಡು ಜಲಶಕ್ತಿ ಸಚಿವಾಲಯದಲ್ಲಿದೆ. ಪಟ್ಟಣಗಳ ಕೊಳಚೆ ಸಂಸ್ಕರಣೆಯ ಅಮೃತ್ ಯೋಜನೆ ನಗರಾಭಿವೃದ್ಧಿಯವರ ಬಳಿ ಇದೆ. ವಿಶ್ವಸಂಸ್ಥೆಯ ವೆಚ್ಚ ವಿಂಗಡಣೆಯಲ್ಲೂ ಕೊಳಚೆ ನೀರಿನ ನಿರ್ವಹಣೆ ಪರಿಸರ ರಕ್ಷಣೆಯಲ್ಲಿ ಬರುತ್ತದೆ, ಕುಡಿಯುವ ನೀರು ವಸತಿ ಮತ್ತು ಸಮುದಾಯ ಸೌಲಭ್ಯದಲ್ಲಿ, ನೀರಾವರಿ ಕೃಷಿಯಲ್ಲಿ. 'ಪರಿಸರಕ್ಕೆ' ಅಂದರೆ ಏನೇನು ಸೇರಿಸಿದ್ದೀರಿ ಅಂತ ಮೊದಲೇ ಬರೆದಿಟ್ಟುಕೊಂಡರೆ ವಾದದಲ್ಲಿ ಸೋಲುವುದಿಲ್ಲ.

ಇನ್ನೊಂದು ಮಾತು. ಖರ್ಚಾಗದ ಹಣ ಕಂಡ ತಕ್ಷಣ ಅಧಿಕಾರಿಗಳು ಸೋಮಾರಿಗಳು ಅಂತ ಬರೆಯುವ ಚಪಲ ಬರುತ್ತದೆ. ತಡೆದುಕೊಳ್ಳಿ. 2024-25ರಲ್ಲಿ ಪರಿಸರ ಸಚಿವಾಲಯದ ಮಾಲಿನ್ಯ ನಿಯಂತ್ರಣ ಯೋಜನೆಗೆ 858 ಕೋಟಿ ಇತ್ತು. ಜನವರಿ ಕೊನೆ ವಾರದ ಹೊತ್ತಿಗೆ ಖರ್ಚಾಗಿದ್ದು 7.22 ಕೋಟಿ, ಅಂದರೆ ಶೇ 1ಕ್ಕಿಂತ ಕಡಿಮೆ. ಸಂಸದೀಯ ಸಮಿತಿ ಕಾರಣ ಕೇಳಿದಾಗ ಬಂದ ಉತ್ತರ, ಯೋಜನೆ ಮುಂದುವರಿಸಲು ಒಪ್ಪಿಗೆ ಸಿಕ್ಕಿರಲಿಲ್ಲ ಎಂದು. ಜಲ ಜೀವನ್ ಮಿಷನ್ ಕೂಡ 2024ಕ್ಕೆ ಮುಗಿಯಬೇಕಿದ್ದ ಯೋಜನೆ. 2028ರವರೆಗೆ ವಿಸ್ತರಿಸುವ ಮಾತು ಬಂದದ್ದು 2025ರ ಬಜೆಟ್‌ನಲ್ಲಿ. ದುಡ್ಡು ಇಟ್ಟಾಗಿತ್ತು, ಬೀಗದ ಕೈ ಇನ್ನೊಬ್ಬರ ಹತ್ತಿರ ಇತ್ತು. ಹಾಗಾಗಿ ಖರ್ಚು ಬಿದ್ದುಹೋದ ಸಾಲು ಕಂಡರೆ ನಾಲ್ಕು ಪ್ರಶ್ನೆ ಕೇಳಿ. ಯೋಜನೆಯ ಅವಧಿ ಮುಗಿದಿದೆಯಾ? ಕೇಂದ್ರದ ಕಂತು ತಡವಾಯಿತಾ? ರಾಜ್ಯ ತನ್ನ ಪಾಲು ಹಾಕಿತಾ? ಹಿಂದಿನ ಕಂತು ಖರ್ಚಾಗಿದೆ ಅಂತ ತೋರಿಸುವ ಬಳಕೆ ಪ್ರಮಾಣಪತ್ರ ಹೋಗಿದೆಯಾ? ಎಷ್ಟೋ ಸಲ ಕೊನೆಯದೇ ಕಾರಣ.

ವರ್ಷದ ಮಧ್ಯೆ ಪೂರಕ ಅಂದಾಜುಗಳೂ, ಅಂದರೆ ಬಜೆಟ್ ಮೇಲೆ ಹೆಚ್ಚುವರಿ ಹಣ ಕೇಳುವ ಪಟ್ಟಿಗಳೂ ಬರುತ್ತವೆ. ಸದನದಲ್ಲಿ ಅವುಗಳ ಚರ್ಚೆ ಬೇಗ ಮುಗಿದುಬಿಡುತ್ತದೆ, ಪೇಪರಿನವರೂ ಅಷ್ಟಾಗಿ ನೋಡುವುದಿಲ್ಲ. ನಿಮ್ಮ ಶೀರ್ಷಿಕೆ ಅದರಲ್ಲಿದೆಯಾ ಅಂತ ಅಂಕಿ ಹಾಕಿ ನೋಡಿಬಿಡಿ.

ಹೆಜ್ಜೆ 6: 2ರ ಸಾಲು ಮತ್ತು 4ರ ಸಾಲು ಪಕ್ಕಪಕ್ಕ ಇಡಿ

ನೀರಿನ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಹೋಲಿಕೆ. ಕಟ್ಟುವುದಕ್ಕೆ ಎಷ್ಟು, ನಡೆಸುವುದಕ್ಕೆ ಎಷ್ಟು?

ಹೊಸದು ಕಟ್ಟಿದರೆ ಶಂಕುಸ್ಥಾಪನೆ ಇದೆ, ಫಲಕ ಇದೆ, ಫೋಟೊ ಇದೆ. ಸುಟ್ಟುಹೋದ ಮೋಟಾರು ರಿಪೇರಿ ಮಾಡಿಸಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳನ್ನೇ ನೋಡಿ. ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಆ ನೀಲಿ ಬಿಳಿ ಕಟ್ಟಡಗಳು. ಕಟ್ಟುವಾಗ ದುಡ್ಡು ಇತ್ತು. ಕೆಲವು ವರ್ಷಕ್ಕೊಮ್ಮೆ ಫಿಲ್ಟರ್ ಪೊರೆ ಬದಲಿಸಬೇಕು, ಕರೆಂಟ್ ಬಿಲ್ ಕಟ್ಟಬೇಕು, ನೋಡಿಕೊಳ್ಳಲು ಒಬ್ಬರು ಬೇಕು. ಆ ಸಾಲು ಖಾಲಿ ಇದ್ದರೆ ಬಾಗಿಲಿಗೆ ಬೀಗ. ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳಲ್ಲೂ ಅಷ್ಟೇ. ನದಿಯಿಂದ ಹತ್ತಾರು ಹಳ್ಳಿಗೆ ನೀರು ಎತ್ತಬೇಕು. ಪೈಪು ಹಾಕಿದ್ದು ಒಂದು ಸಲ, ಪಂಪಿನ ಕರೆಂಟು ಪ್ರತಿದಿನ.

ಲೆಕ್ಕ ಹೀಗೆ ಮಾಡಿ. ಐದು ವರ್ಷದ 4215ರ ನಿಜವಾದ ಖರ್ಚು ಕೂಡಿಸಿ. ಅದೇ ಐದು ವರ್ಷದ 2215ರಲ್ಲಿ 'ನಿರ್ವಹಣೆ' ಅನ್ನುವ ಸಾಲುಗಳನ್ನು ಮಾತ್ರ ಕೂಡಿಸಿ, ಸಂಬಳ ಬಿಟ್ಟು. ಕಟ್ಟುವ ಮೊತ್ತ ವರ್ಷ ವರ್ಷ ಏರುತ್ತಾ ನಿರ್ವಹಣೆಯದ್ದು ನಿಂತಲ್ಲೇ ನಿಂತಿದ್ದರೆ, ಮುಂದೆ ಕೆಟ್ಟುನಿಲ್ಲುವ ಯೋಜನೆಗಳನ್ನು ಈಗ ಕಟ್ಟುತ್ತಿದ್ದಾರೆ ಅಂತ ಅರ್ಥ. ಬೆಲೆ ಏರಿಕೆ ಲೆಕ್ಕಕ್ಕೆ ಹಿಡಿದರೆ ನಿಂತಲ್ಲೇ ನಿಂತ ಮೊತ್ತ ನಿಜವಾಗಿ ಇಳಿದ ಮೊತ್ತವೇ.

ಒಂದು ತೊಡಕಿದೆ. ಪಂಚಾಯಿತಿಗೋ ಮಂಡಳಿಗೋ ಕೊಟ್ಟ ಅನುದಾನದಿಂದ ಪೈಪು ಹಾಕಿದರೂ ಅದು ರಾಜ್ಯದ ಲೆಕ್ಕದಲ್ಲಿ ರಾಜಸ್ವ ವೆಚ್ಚವಾಗಿ, ಅಂದರೆ 2ರ ಸಾಲಿನಲ್ಲಿ ಬರಬಹುದು. ಯಾಕೆಂದರೆ ಆ ಆಸ್ತಿ ಸರ್ಕಾರದ್ದಲ್ಲ, ಆ ಸಂಸ್ಥೆಯದ್ದು. ಹಾಗಾಗಿ ಸಾಲಿನ ಹೆಸರು ಓದದೆ ಬರೀ ಮೊದಲ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ.

ಹೆಜ್ಜೆ 7: ಬಜೆಟ್ ಪುಟದಲ್ಲಿ ಕಾಣದ ದುಡ್ಡು

ಇದುವರೆಗೆ ನೋಡಿದ್ದು ಮನೆಯ ಮುಂಬಾಗಿಲು. ಹಿತ್ತಿಲ ಬಾಗಿಲೂ ಇದೆ.

ಕಾಂಪಾ ನಿಧಿ ಮೊದಲನೆಯದು. ಗಣಿಗೋ ರಸ್ತೆಗೋ ಕಾಡು ಕೊಟ್ಟಾಗ ಪರಿಹಾರವಾಗಿ ಕಟ್ಟಿಸಿಕೊಳ್ಳುವ ಹಣ ಇದು. ಇದಕ್ಕೆ 2016ರಲ್ಲಿ ಕಾಯ್ದೆ ಬಂತು. ಶೇ 90 ರಾಜ್ಯಕ್ಕೆ, ಶೇ 10 ಕೇಂದ್ರಕ್ಕೆ. ಹಣ ಸಾರ್ವಜನಿಕ ಲೆಕ್ಕದಲ್ಲಿ, ಅಂದರೆ ಸಾಮಾನ್ಯ ಬಜೆಟ್ ಖರ್ಚಿನಿಂದ ಬೇರೆಯಾಗಿಟ್ಟ ಆ 8ರ ಲೆಕ್ಕದಲ್ಲಿರುತ್ತದೆ, ಬಡ್ಡಿ ಬರುತ್ತದೆ, ಮಾರ್ಚ್ 31ಕ್ಕೆ ರದ್ದಾಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಒಂದೇ ಸಲ ರಾಜ್ಯಗಳಿಗೆ 47,436 ಕೋಟಿ ಹೋಯಿತು. ಪರಿಸರ ಸಚಿವಾಲಯದ ವರ್ಷದ ಬಜೆಟ್‌ಗೆ ಹೋಲಿಸಿ ನೋಡಿ. ಹಾಗಾಗಿ 2406ರಲ್ಲಿ ಗಿಡ ನೆಡುವ ಸಾಲು ಚಿಕ್ಕದಾಗಿ ಕಂಡರೆ ಅಷ್ಟಕ್ಕೇ ನಿಲ್ಲಬೇಡಿ, ರಾಜ್ಯ ಕಾಂಪಾದ ವಾರ್ಷಿಕ ಕಾರ್ಯಯೋಜನೆ ಕೇಳಿ ಪಡೆಯಿರಿ.

ಎರಡನೆಯದು ಸೆಸ್, ಅಂದರೆ ಒಂದು ಉದ್ದೇಶದ ಹೆಸರಲ್ಲಿ ಹಾಕುವ ತೆರಿಗೆ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಶುದ್ಧ ಇಂಧನ ಸೆಸ್ ಹಾಕಿದರು. 2016ರ ಹೊತ್ತಿಗೆ ಅದು 400 ರೂಪಾಯಿಯಾಯಿತು, ಹೆಸರೂ ಶುದ್ಧ ಪರಿಸರ ಸೆಸ್ ಅಂತ ಬದಲಾಯಿತು. 2017-18ರವರೆಗೆ ಸಂಗ್ರಹವಾದದ್ದು ಸುಮಾರು 86,000 ಕೋಟಿ. ಅದಕ್ಕೆಂದೇ ಮಾಡಿದ ನಿಧಿಗೆ ಹೋದದ್ದು ಸುಮಾರು 29,600 ಕೋಟಿ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು, ಕಲ್ಲಿದ್ದಲಿನ ಮೇಲೆ ಜಿಎಸ್‌ಟಿ ಪರಿಹಾರ ಸೆಸ್ ಬಂತು. ಅದಕ್ಕೂ ಪರಿಸರಕ್ಕೂ ಸಂಬಂಧವಿರಲಿಲ್ಲ. ಪರಿಸರದ ಹೆಸರಲ್ಲಿ ವಸೂಲಿ ಮಾಡಿದ್ದು ಪರಿಸರಕ್ಕೇ ಹೋಗುತ್ತದೆ ಅಂತ ಸುಮ್ನೆ ನಂಬಬೇಡಿ.

ಮೂರನೆಯದು ನಿಗಮಗಳು. ಕಾವೇರಿ ನೀರಾವರಿ ನಿಗಮ, ಕೃಷ್ಣಾ ಭಾಗ್ಯ ಜಲ ನಿಗಮ, ಕರ್ನಾಟಕ ನೀರಾವರಿ ನಿಗಮ, ವಿಶ್ವೇಶ್ವರಯ್ಯ ಜಲ ನಿಗಮ. ದೊಡ್ಡ ನೀರಾವರಿ ಕಾಮಗಾರಿ ಮಾಡುವುದು ಇವೇ. ಬಜೆಟ್‌ನಲ್ಲಿ ನಿಗಮಕ್ಕೆ 'ಹೂಡಿಕೆ' ಅಂತ ಒಂದು ಸಾಲು ಇರುತ್ತದೆ, ಅಷ್ಟೇ. ಒಳಗಿನ ವಿವರ ನಿಗಮದ ವಾರ್ಷಿಕ ವರದಿಯಲ್ಲಿ. ನಿಗಮ ತನ್ನ ಹೆಸರಲ್ಲಿ ಸಾಲ ತಂದಿದ್ದರೆ ಅದೂ ಅಲ್ಲೇ ಕಾಣುತ್ತದೆ. ವೆಚ್ಚ ಹಿಗ್ಗುವುದನ್ನು ನೋಡಬೇಕಾದರೂ ಒಂದು ವರ್ಷದ ಬಜೆಟ್ ಸಾಲದು, ಅನುಮೋದನೆಯ ಆದೇಶಗಳನ್ನು ಸಾಲಾಗಿ ಇಡಬೇಕು. ಎತ್ತಿನಹೊಳೆಗೆ 2012ರಲ್ಲಿ ಒಪ್ಪಿದ್ದು 8,323 ಕೋಟಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ಯಾವ ಒಂದು ವರ್ಷದ ಬಜೆಟ್ ಪುಟದಲ್ಲೂ ಈ ಮೂರು ಅಂಕಿ ಒಟ್ಟಿಗೆ ಸಿಗುವುದಿಲ್ಲ.

ಹೆಜ್ಜೆ 8: ಸಿಎಜಿಯ ಕಡತದಲ್ಲಿ ತಾಳೆ ನೋಡಿ

ವರ್ಷ ಮುಗಿದ ಮೇಲೆ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ, ಎರಡು ಪುಸ್ತಕ ತರುತ್ತದೆ. 'ಹಣಕಾಸು ಲೆಕ್ಕಗಳು' ಮತ್ತು 'ಧನವಿನಿಯೋಗ ಲೆಕ್ಕಗಳು'. ಎರಡನೆಯದರಲ್ಲಿ ಯಾವ ಶೀರ್ಷಿಕೆಯಲ್ಲಿ ಎಷ್ಟು ಉಳಿಯಿತು, ಯಾಕೆ ಉಳಿಯಿತು ಅಂತ ಇಲಾಖೆ ಕೊಟ್ಟ ಕಾರಣ ಇರುತ್ತದೆ. ಕಾರಣ ಕೊಡದಿದ್ದರೆ ಅದನ್ನೂ ಬರೆದಿರುತ್ತಾರೆ. ಮೊದಲನೆಯದರ ಅನುಬಂಧಗಳಲ್ಲಿ ಅರ್ಧಕ್ಕೆ ನಿಂತ ಬಂಡವಾಳ ಕಾಮಗಾರಿಗಳ ಪಟ್ಟಿ ಇರುತ್ತದೆ. ನಿಮ್ಮ ಪಟ್ಟಣದ ಒಳಚರಂಡಿ ಅಲ್ಲಿ ಕಂಡರೂ ಕಾಣಬಹುದು.

ಮಾರ್ಚ್ ತಿಂಗಳ ಖರ್ಚು ಬೇರೆಯಾಗಿ ನೋಡಿ. ಸಿಎಜಿ ಜಾಲತಾಣದಲ್ಲಿ ರಾಜ್ಯಗಳ ತಿಂಗಳುವಾರು ಲೆಕ್ಕದ ಮುಖ್ಯಾಂಶ ಸಿಗುತ್ತದೆ. ವರ್ಷದ ಕೊನೆಯಲ್ಲಿ ದುಡ್ಡು ಖಜಾನೆಯಿಂದ ಹೊರಟು ಯಾವುದೋ ಸಂಸ್ಥೆಯ ಬ್ಯಾಂಕ್ ಖಾತೆಯಲ್ಲಿ ಕೂತರೂ ಲೆಕ್ಕದಲ್ಲಿ 'ಖರ್ಚು' ಅಂತಲೇ ಬರುತ್ತದೆ. ಪೈಪು ಮಾತ್ರ ಬಂದಿರುವುದಿಲ್ಲ.

ಹೆಜ್ಜೆ 9: ಪಂಚಾಯಿತಿಗೆ ಇಳಿಯಿರಿ

15ನೇ ಹಣಕಾಸು ಆಯೋಗ 2021-26ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ಶಿಫಾರಸು ಮಾಡಿತು. ಅದರಲ್ಲಿ ಶೇ 60 ನಿರ್ಬಂಧಿತ. ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ಮರುಬಳಕೆಗೆ. ಇನ್ನರ್ಧ ನೈರ್ಮಲ್ಯಕ್ಕೆ. ಅಂದರೆ ಪಂಚಾಯಿತಿಗೆ ಹತ್ತು ಲಕ್ಷ ಬಂದಿದ್ದರೆ ಮೂರು ಲಕ್ಷ ನೀರಿಗೆ, ಮೂರು ಲಕ್ಷ ನೈರ್ಮಲ್ಯಕ್ಕೆ, ಉಳಿದ ನಾಲ್ಕು ಲಕ್ಷ ಸ್ಥಳೀಯ ಅಗತ್ಯಕ್ಕೆ. 'ನೀರಿಗೆ ದುಡ್ಡೇ ಬಂದಿಲ್ಲ' ಅಂತ ಆ ಅವಧಿಯ ಬಗ್ಗೆ ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ. ಹಣ ಯಾವ ಕಾಮಗಾರಿಗೆ ಹೋಯಿತು ಅಂತ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಪಂಚಾಯಿತಿ ಹೆಸರು ಆರಿಸಿ ನೋಡಬಹುದು. ಕರ್ನಾಟಕದಲ್ಲಿ ಪಂಚತಂತ್ರ ತಂತ್ರಾಂಶವೂ ಇದೆ.

ಆದಾಯದ ಕಡೆಯನ್ನೂ ನೋಡಿ. ನೀರಿನ ಕರ ಎಷ್ಟು ಬೇಡಿಕೆ, ಎಷ್ಟು ವಸೂಲಿ? ನೀರುಗಂಟಿಯ ಸಂಬಳ ಎಲ್ಲಿಂದ? ಇಲ್ಲಿ ಊರಿನವರಿಗೆ ಮುಜುಗರ ಆಗುವ ಸಂಗತಿಯೂ ಹೊರಬರುತ್ತದೆ. ಕರ ಬಾಕಿ ಇಟ್ಟವರ ಪಟ್ಟಿಯಲ್ಲಿ ಪ್ರಶ್ನೆ ಕೇಳಲು ಹೊರಟವರ ಹೆಸರೇ ಇರಬಹುದು. ಮೊದಲು ನಿಮ್ಮದನ್ನು ಕಟ್ಟಿಬಿಡಿ.

ಹೆಜ್ಜೆ 10: ಕಾಮಗಾರಿಯ ಕಡತ ಕೇಳಿ

ಬಜೆಟ್ ಕೊನೆಗೆ ಮುಟ್ಟುವುದು ನೆಲಕ್ಕೆ. ಅಲ್ಲಿ ನಾಲ್ಕು ಕಾಗದ ಬೇಕು. ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್. ಅಳತೆ ಪುಸ್ತಕವನ್ನು ಎಲ್ಲರೂ ಎಂಬಿ ಅನ್ನುತ್ತಾರೆ. ಎಂಜಿನಿಯರ್ ಸ್ಥಳಕ್ಕೆ ಹೋಗಿ ಅಳೆದು ಬರೆಯಬೇಕಾದ ಪುಸ್ತಕ ಅದು. ಬಿಲ್ ಆಗುವುದು ಅದರ ಮೇಲೆಯೇ.

ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಭಾಷಣ ಬೇಡ, 'ಯಾಕೆ' ಅಂತಲೂ ಕೇಳಬೇಡಿ. ಕಾಗದ ಕೇಳಿ. ಹೀಗೆ ಬರೆಯಬಹುದು: "ಇಂಥ ಗ್ರಾಮದಲ್ಲಿ ಇಂಥ ವರ್ಷ ನಡೆದ ಕುಡಿಯುವ ನೀರಿನ ಪೈಪ್‌ಲೈನ್ ಕಾಮಗಾರಿಯ ಮಂಜೂರಾದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿಸಿದ ಪುಟಗಳು, ಪಾವತಿಯಾದ ಬಿಲ್‌ಗಳ ದೃಢೀಕೃತ ಪ್ರತಿ ಮತ್ತು ಖರ್ಚು ಹಾಕಿದ ಲೆಕ್ಕ ಶೀರ್ಷಿಕೆ ಕೊಡಿ." ಕೊನೆಯ ಆ ಲೆಕ್ಕ ಶೀರ್ಷಿಕೆಯೇ ನಿಮ್ಮನ್ನು ವಾಪಸ್ ಬಜೆಟ್ ಪುಟಕ್ಕೆ ಜೋಡಿಸುವ ಕೊಂಡಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೂ ಜಗ್ಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಈ ಕಾಯ್ದೆಯಲ್ಲಿ ಕಾಗದ ಮಾತ್ರವಲ್ಲ, ಕಾಮಗಾರಿಯನ್ನು ಪರಿಶೀಲಿಸುವ ಹಕ್ಕೂ ಇದೆ, ಬಳಸಿದ ವಸ್ತುವಿನ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಪೈಪಿನ ತುಂಡು ಕೇಳಬಹುದು.

ಎಂಬಿ ಕೈಗೆ ಬಂದರೆ ಮೂರು ಕಡೆ ಕಣ್ಣಿಡಿ. ಪೈಪಿನ ವ್ಯಾಸ ಮತ್ತು ಒಟ್ಟು ಉದ್ದ. ಕಾಲುವೆ ಅಗೆದ ಆಳ. ಅಗೆದದ್ದು ಮಣ್ಣೋ ಗಟ್ಟಿ ಕಲ್ಲೋ, ಯಾಕೆಂದರೆ ಕಲ್ಲಿಗೆ ದರ ಜಾಸ್ತಿ. ಒಂದು ಸಲ ನಾನು ನೋಡಿದ ಎಂಬಿಯಲ್ಲಿ ಒಂದು ಮೀಟರ್ ಆಳ ಅಂತ ಬರೆದಿತ್ತು. ಅದೇ ಪೈಪು ಮೊದಲ ಮಳೆಗೇ ಮಣ್ಣು ಕೊಚ್ಚಿ ಗೇಣು ಆಳದಲ್ಲಿ ಹೊರಗೆ ಇಣುಕುತ್ತಿತ್ತು. ಆ ಫೋಟೊ ಮತ್ತು ಆ ಪುಟ ಪಕ್ಕಪಕ್ಕ ಇಟ್ಟ ಮೇಲೆ ಹೆಚ್ಚು ಮಾತು ಬೇಕಾಗಲಿಲ್ಲ. ಮತ್ತೆ ಅಗೆದು ಹಾಕಿದರು.

ಹೆಜ್ಜೆ 11: ಯಾವಾಗ ಕೇಳಬೇಕು

ಮಾರ್ಚ್‌ನಲ್ಲಿ ರಾಜ್ಯ ಬಜೆಟ್ ಬಂದ ಮೇಲೆ 'ನಮ್ಮ ಕೆರೆ ಬಿಟ್ಟುಹೋಗಿದೆ' ಅಂತ ಮನವಿ ಕೊಟ್ಟರೆ ಬಸ್ ಹೋದ ಮೇಲೆ ಕೈ ಬೀಸಿದಂತೆ. ಇಲಾಖೆಗಳು ಅಂದಾಜು ಸಿದ್ಧಪಡಿಸುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಅಭಿಯಾನ ಅಕ್ಟೋಬರ್ 2ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಆ ಹೊತ್ತಿಗೆ ವಾರ್ಡ್ ಸಭೆಯಲ್ಲಿ ಹೇಳಿ, ಗ್ರಾಮ ಸಭೆಯ ನಡಾವಳಿಯಲ್ಲಿ ಬರೆಸಿ. ಬಾಯಲ್ಲಿ ಹೇಳಿದ್ದು ಉಳಿಯುವುದಿಲ್ಲ. ನಡಾವಳಿಯ ಪ್ರತಿಯನ್ನೂ ತೆಗೆದುಕೊಳ್ಳಿ.

ನಡೆದ ಕೆಲಸದ ಲೆಕ್ಕ ಕೇಳುವುದಕ್ಕೆ ಕರ್ನಾಟಕದ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಇದೆ. ಕಡತಗಳನ್ನು ಜನರ ಮುಂದೆ ಇಡಬೇಕು, ಕಾಮಗಾರಿ ಸ್ಥಳಕ್ಕೂ ಹೋಗಬೇಕು. ಎಷ್ಟೋ ಕಡೆ ಚಹಾ ಬಿಸ್ಕತ್ತಿನಲ್ಲಿ ಮುಗಿದುಹೋಗುತ್ತದೆ, ಯಾಕೆಂದರೆ ಕೇಳುವವರು ಯಾರೂ ಬಂದಿರುವುದಿಲ್ಲ. ದಿನಾಂಕ ಮೊದಲೇ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಹೋಗುವಾಗ ಎಂಬಿಯ ಪ್ರತಿ, ಮೊದಲ ಪುಟದಲ್ಲಿ ಪ್ರಶ್ನೆ ಬರೆದ ಆ ನೋಟ್‌ಬುಕ್, ಇಬ್ಬರು ಸ್ನೇಹಿತರು, ಮತ್ತೊಂದು ಅಳತೆ ಟೇಪು ಜೊತೆಗಿರಲಿ. 30 ಮೀಟರಿನದ್ದು ಸಾಕು.